ಪಕ್ಕದ ಮನೆ ಆಂಟಿಯ ಡಿಫೆನ್ಸ್

ವರ್ಷಗಳ ಹಿಂದಿನ ಒಂದು ಸಂಜೆ, ನಾಲ್ಕೂ ಇಪ್ಪತ್ತಕ್ಕೆ ಬಾಣಲೆಯ ಎಣ್ಣೆ ಹೊಗೆಯಾಡಲು ಶುರುವಾಗಿತ್ತು. ಕೆಡುಕು ಮನೆಯೊಳಗೆ ಕಾಲಿಟ್ಟದ್ದೂ ಅದೇ ಹೊತ್ತಿಗೆ. ಹೋದ ವಾರ ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನಲ್ಲಿ, ಆಸ್ಪತ್ರೆಯ ಕೆಲಸ ಮುಗಿಸಿ ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದಾಗ, ವಿದ್ಯಾರ್ಥಿಗಳು ಬಾಡಿಗೆಗಿರುವ ಮನೆಯೊಂದರ ಕಿಟಕಿಯಿಂದ ಅದೇ ವಾಸನೆ ಬಂತು. ಯಾರೋ ಒಲೆಯ ಮೇಲೆ ಎಣ್ಣೆಯಿಟ್ಟು ಮರೆತಿದ್ದರು. ಆ ಕಮಟು ಮೂಗಿಗೆ ಬಡಿದದ್ದೇ ನನ್ನ ಕಾಲು ನಿಂತಿತು, ಎಡಕ್ಕೆ ಹೊರಳದಂತೆ ಕುತ್ತಿಗೆ ಬಿಗಿಯಿತು. ಎಡಕ್ಕೆ ಏನಿತ್ತು? ಒಂದು ಬೇಲಿ, ಅದರಾಚೆ ಸಾಲಾಗಿ ನಿಂತ ಕಾರುಗಳು, ಅಷ್ಟೇ. ಆದರೆ ಬ್ರಿಸ್ಬೇನಿನ ನನ್ನ ಹಳೆಯ ಮನೆಯಲ್ಲಿ, ಒಲೆಯ ಮುಂದೆ ನಿಂತರೆ ಎಡಕ್ಕೆ ಮಗಳು ಮಲಗುವ ಕೋಣೆಯಿತ್ತು...

ಬಸ್ಸು ಬಂತು, ಹೋಯಿತು. ನಾನು ಅಲ್ಲೇ ನಿಂತು ಪಕ್ಕದ ಮನೆ ಆಂಟಿಯನ್ನು ನೆನೆಸಿಕೊಂಡೆ.

ಅವರ ಹೆಸರು ಬರೆಯುವುದಿಲ್ಲ. ನಾನೂ ಅವರನ್ನು ಎಂದೂ ಹೆಸರಿನಿಂದ ಕರೆದವಳಲ್ಲ. ಬ್ರಿಸ್ಬೇನಿನ ದಕ್ಷಿಣಕ್ಕೆ ಕ್ಯಾಲಮ್‌ವೇಲ್‌ನಲ್ಲಿ ನಮ್ಮ ಬೀದಿಗೆ ಎರಡೇ ಕನ್ನಡದ ಮನೆ, ನಮ್ಮದು ಮತ್ತು ಅವರದು; ನಡುವೆ ಒಂದು ಮರದ ಬೇಲಿ. ಮೈಸೂರಿನವರು. ಗಂಡ ಡಾಕ್ಟರು. ಮದುವೆಯಾದ ಹೊಸದರಲ್ಲೇ ಅಮೆರಿಕಕ್ಕೆ ಹೋಗಿ, ಚಳಿ ಹೆಚ್ಚಿರುವ ಒಂದು ಊರಿನಲ್ಲಿ ಬಹಳ ವರ್ಷ ಇದ್ದು, ಆಮೇಲೆ ಆಸ್ಟ್ರೇಲಿಯಕ್ಕೆ ಬಂದಿದ್ದರು. ನಾವು ಆ ಬೀದಿಗೆ ಬರುವ ಹೊತ್ತಿಗೆ ಅಂಕಲ್ ತೀರಿಹೋಗಿದ್ದರು. ಒಬ್ಬಳೇ ಮಗಳು ಪರ್ತ್‌ನಲ್ಲಿದ್ದಳು. ಅಮೆರಿಕದಿಂದ ಆಂಟಿ ಹೊತ್ತು ತಂದದ್ದು ಒಂದು ದಪ್ಪನೆಯ ಉಣ್ಣೆ ಕೋಟು ಮತ್ತು ಆ ಊರಿನ ಫುಟ್‌ಬಾಲ್ ತಂಡದ ಹುಚ್ಚು. ಕೋಟನ್ನು ಬ್ರಿಸ್ಬೇನಿನಲ್ಲಿ ಹಾಕಿಕೊಳ್ಳುವ ಪ್ರಮೇಯವೇ ಬರಲಿಲ್ಲ. ಹುಚ್ಚು ಮಾತ್ರ ಹಾಗೇ ಉಳಿದಿತ್ತು.

ಇದು ನಮಗೆ ಗೊತ್ತಿರುವ ಕಾಲ್ಚೆಂಡಲ್ಲ. ಹೆಲ್ಮೆಟ್ ಹಾಕಿ, ಭುಜಕ್ಕೆ ದಪ್ಪ ಕವಚ ಕಟ್ಟಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಮೊದಲ ಸಲ ನೋಡಿದಾಗ ನನಗೆ ತಲೆಬುಡ ತಿಳಿಯಲಿಲ್ಲ.

"ಕಬಡ್ಡಿ ಕಣೇ ಇದು," ಎಂದರು ಆಂಟಿ. "ನಾನು ಕಾಲೇಜಲ್ಲಿ ಸೀರೆ ಎತ್ತಿ ಸಿಕ್ಕಿಸ್ಕೊಂಡು ಆಡಿದೀನಿ. ಅಲ್ಲಿ ನುಗ್ಗೋನು ಒಬ್ಬ, ಇಲ್ಲಿ ಹನ್ನೊಂದು ಜನಾನೂ ನುಗ್ತಾರೆ. ನಾಲ್ಕು ಸಲದಲ್ಲಿ ಹತ್ತು ಗಜ ಮುಂದೆ ಹೋಗ್ಬೇಕು. ಹೋಗ್ದೆ ಇದ್ರೆ ಚೆಂಡು ಇನ್ನೊಬ್ಬರಿಗೆ. ಅಷ್ಟೇ, ಮುಗೀತು ಪಾಠ."

ಎಲ್ಲರಿಗೂ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಎಂದರೆ ಇಷ್ಟ. ಆಂಟಿಗೆ ಅವನೆಂದರೆ ತಾತ್ಸಾರ; ಅವನನ್ನು 'ರಾಜಕುಮಾರ' ಎಂದು ಕರೆಯುತ್ತಿದ್ದರು. ಅವರ ಪ್ರೀತಿಯೆಲ್ಲ ತಡೆಯುವವರ ಮೇಲೆ, ಅಂದರೆ ಡಿಫೆನ್ಸಿನ ಮೇಲೆ. "ಕ್ಯಾಮೆರಾ ಚೆಂಡಿನ ಹಿಂದೆ ಓಡತ್ತೆ. ನೀನು ಓಡ್ಬೇಡ. ಚೆಂಡಿಲ್ದೆ ಇರೋರು ಏನ್ಮಾಡ್ತಿದಾರೆ ನೋಡು," ಎನ್ನುತ್ತಿದ್ದರು. ನಾನು ಹೂಂ ಎಂದು ಮಜ್ಜಿಗೆ ಕುಡಿದು ಮನೆಗೆ ಬರುತ್ತಿದ್ದೆ. ಆಗ ನನಗೆ ಆ ಆಟದಿಂದ ಆಗಬೇಕಾದದ್ದು ಏನೂ ಇರಲಿಲ್ಲ.

ಎಣ್ಣೆ ಹೊಗೆಯಾಡಿದ ಆ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. 2010ರ ದಶಕದ ನಡುವಿನ ಒಂದು ವರ್ಷ, ಮಗಳಿಗೆ ಇನ್ನೂ ನಡಿಗೆ ಬಂದಿರಲಿಲ್ಲ. ನನ್ನ ಗಂಡ ಪರ್ತ್‌ನಲ್ಲಿ ಗಣಿ ಕಂಪನಿಯೊಂದರ ಎಂಜಿನಿಯರ್, ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ. ನಾನು ಇಪ್ಸ್‌ವಿಚ್‌ನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದೆ. ಅಂದು ರಜೆ ಹಾಕಿದ್ದೆ. ಬೆಳಗ್ಗೆ ಕಳಶ ಇಟ್ಟು, ತೆಂಗಿನಕಾಯಿಗೆ ಬೆಳ್ಳಿಯ ಮುಖ ಕಟ್ಟಿ, ಸೀರೆ ಉಡಿಸಿ, ನನ್ನಲ್ಲಿದ್ದ ಒಡವೆಯನ್ನೆಲ್ಲ ದೇವಿಗೆ ಹಾಕಿದ್ದೆ. ಅಮ್ಮ ಕೊಟ್ಟ ಅವಲಕ್ಕಿ ಸರ, ಮದುವೆಯ ನೆಕ್ಲೇಸು, ಬಳೆಗಳು, ಮಗಳ ನಾಮಕರಣಕ್ಕೆ ಬಂದ ಪುಟ್ಟ ಸರ. ಸಂಜೆ ಅರಿಶಿನ ಕುಂಕುಮಕ್ಕೆ ಬನ್ನಿ ಎಂದು ಸುತ್ತಮುತ್ತಲಿನ ಕನ್ನಡದ ಹೆಂಗಸರಿಗೆಲ್ಲ ಹೇಳಿದ್ದೆ.

ಆಂಟಿ ಮಧ್ಯಾಹ್ನವೇ ಬಂದಿದ್ದರು, ಅಂಬೊಡೆ ಕರಿಯಲು. ಅಂಕಲ್ ಹೋದ ಮೇಲೆ ಅವರು ಕಳಶದ ಹತ್ತಿರ ಸುಳಿಯುತ್ತಿರಲಿಲ್ಲ. ವಿಧವೆ ಮುಟ್ಟಬಾರದು ಎಂದು ಅವರಿಗೆ ಆ ದೇಶದಲ್ಲಿ ಯಾರೂ ಹೇಳಿರಲಿಲ್ಲ, ತಾವೇ ಹೇಳಿಕೊಂಡಿದ್ದರು. ಕರೆದರೆ "ನನ್ನ ಜಾಗ ಒಲೆ ಮುಂದೆ, ನೀನು ಹೋಗು" ಎಂದು ಕೈಯಾಡಿಸುತ್ತಿದ್ದರು. ಆದರೆ ಉಳಿದ ಶಾಸ್ತ್ರ ಒಂದನ್ನೂ ಬಿಡುತ್ತಿರಲಿಲ್ಲ. ನಾನು ಮುಂಬಾಗಿಲಿನ ಹೊರಗಿನ ಜಾಲರಿ ಬಾಗಿಲಿಗೆ ಚಿಲಕ ಹಾಕಲು ಹೋದಾಗ ಅಡುಗೆಮನೆಯಿಂದಲೇ ಕೂಗಿದರು.

"ಏ, ಹಾಕ್ಬೇಡ ಕಣೇ. ಲಕ್ಷ್ಮಿ ಬರೋ ಹೊತ್ತು. ಪೂರ್ತಿ ತೆಗೆದಿಡು."

"ನೊಣ ಬರುತ್ತೆ ಆಂಟಿ."

"ಬರ್ಲಿ ಬಿಡು. ಅದೂ ಹಬ್ಬ ಮಾಡ್ಲಿ."

ಹಾಗಾಗಿ ಎರಡೂ ಬಾಗಿಲು ಗೋಡೆಗೆ ಒರಗಿದ್ದವು. ಹೊಸ್ತಿಲ ಒಳಗೆ ದೀಪ, ಹೊರಗೆ ರಂಗೋಲಿ. ಬೀದಿಯಿಂದ ನೋಡಿದರೆ ಹಾಲ್‌ನ ಮೂಲೆಯಲ್ಲಿ ದೇವಿ ಮಿನುಗುತ್ತಿದ್ದಳು. ಊರಿನಲ್ಲಿ ಹೀಗೆಯೇ ಅಲ್ಲವೇ?

ಇಬ್ಬರು ಬಂದರು. ಪಾರ್ಸೆಲ್ ತಂದವರು ಎಂದುಕೊಂಡೆ. ಅವರ ಬೂಟುಗಳು ರಂಗೋಲಿ ತುಳಿದು ಒಳಗಿನ ನೆಲದ ಮೇಲೆ ಬಿಳಿಯ ಗುರುತು ಮೂಡಿದಾಗಲೇ ಅಲ್ಲವೆಂದು ಗೊತ್ತಾದದ್ದು. ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಿದ್ದರು. ಒಬ್ಬನ ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಇತ್ತು. ಇನ್ನೊಬ್ಬ ಬಾಗಿಲು ಮುಚ್ಚಿದ. ನಾನು ಹಾಲ್‌ಗೆ ತೆರೆದುಕೊಂಡಿದ್ದ ಅಡುಗೆಮನೆಯಲ್ಲಿ, ಕೈಯಲ್ಲಿ ಜಾಲರಿ ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದೆ. ಎಡಕ್ಕೆ ಪ್ಯಾಸೇಜ್, ಅದರ ಕೊನೆಯ ಕೋಣೆಯಲ್ಲಿ ಮಗಳು ಮಲಗಿದ್ದಳು.

ಆಂಟಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹಾಲ್‌ಗೆ ಬಂದರು. ಮೊಮ್ಮಕ್ಕಳನ್ನು ಮಾತಾಡಿಸುವ ದನಿಯಲ್ಲಿ, ಇಂಗ್ಲಿಷಿನಲ್ಲಿ, "ಚಿನ್ನ ಬೇಕಾ? ಇಲ್ಲಿದೆ. ಎಲ್ಲಾ ಇಲ್ಲೇ ಇದೆ. ನಾನು ಕೊಡ್ತೀನಿ," ಎಂದರು. ಆಮೇಲೆ ನನ್ನ ಕಡೆ ತಿರುಗದೆ ಕನ್ನಡದಲ್ಲಿ ಹೇಳಿದರು: "ಮಗು ಕಡೆ ನೋಡ್ಬೇಡ. ನೀನು ನೋಡಿದ ಕಡೆಗೇ ಅವ್ನು ಹೋಗ್ತಾನೆ."

ನಾನು ಎಣ್ಣೆಯನ್ನು ನೋಡಿದೆ.

ಎಷ್ಟೋ ವರ್ಷಗಳಿಂದ ಕಳಶದ ಹತ್ತಿರ ಹೋಗದ ಹೆಂಗಸು ದೇವಿಯ ಮುಂದೆ ಕುಳಿತು ಒಡವೆ ಬಿಚ್ಚತೊಡಗಿದರು. ಒಂದೊಂದೇ. ಎಳೆದರೆ ಬರುವುದನ್ನೂ ಕೊಕ್ಕೆ ಹುಡುಕಿ, ತಿರುಪು ಬಿಡಿಸಿ ತೆಗೆಯುತ್ತಿದ್ದರು. ಮೊದಲು ಒಂದು ಬಳೆ. ಅದನ್ನು ಕೊಟ್ಟು ಅವರು ಎಣಿಸುವವರೆಗೆ ಸುಮ್ಮನಿದ್ದು ಇನ್ನೊಂದು ಬಳೆ. ಸ್ಕ್ರೂಡ್ರೈವರಿನವನು ಬೈದ. "ಕಣ್ಣು ಕಾಣಲ್ಲ ಮಗಾ, ವಯಸ್ಸಾಯ್ತು," ಎಂದರು. ಅವರ ಕಣ್ಣು ಎಷ್ಟು ಚುರುಕು ಎಂದು ನನಗೆ ಗೊತ್ತಿತ್ತು. ಅಮ್ಮನ ಅವಲಕ್ಕಿ ಸರ ಹೋಯಿತು. ನೆಕ್ಲೇಸು ಹೋಯಿತು. ಎಣ್ಣೆಯಿಂದ ಹೊಗೆ ಏಳುತ್ತಿತ್ತು, ಕಣ್ಣು ಉರಿಯುತ್ತಿತ್ತು, ನಾನು ಒಲೆ ಆರಿಸಲಿಲ್ಲ; ಕೈಗೆ ಆ ಬುದ್ಧಿ ಬರಲಿಲ್ಲ.

ಆಗ ಮಗಳು ಅತ್ತಳು.

ಬಾಗಿಲ ಬಳಿ ನಿಂತವನು ಪ್ಯಾಸೇಜಿನ ಕಡೆ ತಿರುಗಿದ. ಆಂಟಿ ಮಗಳ ಪುಟ್ಟ ಸರವನ್ನು ಸ್ಕ್ರೂಡ್ರೈವರಿನವನ ಕೈಗೆ ಹಾಕಿ ಎದ್ದರು, ಎರಡು ಹೆಜ್ಜೆಯಲ್ಲಿ ಪ್ಯಾಸೇಜಿನ ಬಾಯಿಗೆ ಬಂದು, "ಅಯ್ಯೋ ನನ್ನ ಮಂಡಿ" ಎಂದು ಅಡ್ಡಲಾಗಿ ಕೂತುಬಿಟ್ಟರು. ಸೀರೆ ಹರಡಿತು. ಇಡೀ ಪ್ಯಾಸೇಜ್ ಅವರದೇ. ಅವರನ್ನು ದಾಟಿಕೊಂಡೇ ಹೋಗಬೇಕು.

"ಮಗುಗೆ ಚಿಕನ್‌ಪಾಕ್ಸ್," ಎಂದರು. "ನಿನಗೆ ಆಗಿದ್ಯಾ? ಆಗಿಲ್ದೆ ಇದ್ರೆ ಹೋಗ್ಬೇಡ ಮಗಾ. ದೊಡ್ಡವರಿಗೆ ಬಂದ್ರೆ ತುಂಬಾ ಕಷ್ಟ." ಅಷ್ಟು ಹೇಳಿ ತಮ್ಮ ಕೈಯ ಬಳೆಯನ್ನು ಎಳೆಯತೊಡಗಿದರು, ಅದು ಬರುವುದಿಲ್ಲ ಎಂದು ಗೊತ್ತಿದ್ದೇ.

ಅವನು ನನ್ನ ಮುಖ ನೋಡಿದ. ಮಗಳು ಚೀರುತ್ತಿದ್ದಳು, ನಾನು ಎಣ್ಣೆ ನೋಡುತ್ತಿದ್ದೆ. ಹೆತ್ತ ಮಗು ಅಳುವಾಗ ಆ ಕಡೆ ತಲೆ ತಿರುಗಿಸದೆ ಇರುವುದು ಏನೆಂದು ನಾನು ಹೇಳಲಾರೆ... ಈಗಲೂ ಅದು ನನ್ನ ಕುತ್ತಿಗೆಯಲ್ಲಿದೆ.

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ರೇಷ್ಮೆ ಸೀರೆಯ ಹೆಂಗಸರ ನಗು, ಬಳೆಯ ಸದ್ದು. "ಬಾಗ್ಲು ಯಾಕೆ ಹಾಕಿದಾಳೆ ಇವ್ಳು? ಬೇಗ ಬಂದ್ಬಿಟ್ವಾ?" ಎಂದು ಯಾರೋ ಬೆಲ್ ಒತ್ತಿದರು. ಇಬ್ಬರೂ ಹಿಂಬಾಗಿಲಿನಿಂದ ಓಡಿ ಬೇಲಿ ಹಾರಿದರು.

ನಾನು ಮಗಳ ಬಳಿಗೆ ಹೇಗೆ ಹೋದೆನೋ ನೆನಪಿಲ್ಲ. ಹೊಗೆಯ ಅಲಾರಂ ಕೂಗುತ್ತಿತ್ತು. ಮಗಳನ್ನು ಎತ್ತಿಕೊಂಡು ಹೊರಬಂದಾಗ ಆಂಟಿ ಇನ್ನೂ ಪ್ಯಾಸೇಜಿನ ಬಾಯಲ್ಲಿ ಕುಳಿತಿದ್ದರು. ಈ ಸಲ ನಿಜಕ್ಕೂ ಏಳಲು ಆಗುತ್ತಿರಲಿಲ್ಲ. ಮೊದಲು ಆಡಿದ ಮಾತು: "ಒಲೆ ಆರ್ಸೇ, ಮನೆ ಸುಟ್ಟೀಯ." ಎರಡನೆಯದು: "ಬಂದಿರೋರಿಗೆ ಕುಂಕುಮ ಕೊಡು. ಪೊಲೀಸ್ ಬರೋ ಹೊತ್ತಿಗೆ ಬರ್ತಾರೆ, ಬರಿಗೈಲಿ ಯಾರನ್ನೂ ಕಳಿಸ್ಬೇಡ."

ಒಡವೆ ಸಿಗಲಿಲ್ಲ, ಅವರಿಬ್ಬರೂ ಸಿಗಲಿಲ್ಲ. ಮರುದಿನ ಗಂಡ ಪರ್ತ್‌ನಿಂದ ಹಾರಿ ಬಂದ. ಮಗಳನ್ನು ಎದೆಗೊತ್ತಿಕೊಂಡು ಅತ್ತ. ಆಮೇಲೆ, ಭಯ ಇಳಿದ ಮೇಲೆ, ರೇಗಿದ.

"ಅಲ್ಲ ಕಣೇ, ಯಾವ ಕಾಲದಲ್ಲಿದೀರ ನೀವು? ಬಾಗ್ಲು ತೆಗೆದಿಟ್ಟು ಕರೆದಿದ್ದು ಯಾರನ್ನ, ಬಂದಿದ್ದು ಯಾರು!"

ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ಆಂಟಿಗೆ ಅದು ಕೇಳಿಸಿತು. ನನಗೆ ಗೊತ್ತು, ಏಕೆಂದರೆ ಒಂದು ಕ್ಲಿಪ್ಪು ಹಾಕಿದ ಕೈ ಇನ್ನೊಂದು ಕ್ಲಿಪ್ಪು ಹಾಕದೆ ನಿಂತುಬಿಟ್ಟಿತ್ತು.

ಗಂಡ ಹೊಸ ಬೀಗ, ಕ್ಯಾಮೆರಾ, ಅಲಾರಂ ಎಲ್ಲ ಹಾಕಿಸಿ, ಎರಡು ವಾರ ಇದ್ದು ಕೆಲಸಕ್ಕೆ ಹಿಂತಿರುಗಿದ. ಬೀಗಗಳು ಗಟ್ಟಿಯಾಗಿದ್ದವು. ನಿದ್ದೆ ಮಾತ್ರ ಹೋಗಿತ್ತು. ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದೆ. ಅಂದು ನೋಡದೆ ಉಳಿಸಿಕೊಂಡದ್ದನ್ನೆಲ್ಲ ಈಗ ನೋಡಿ ತೀರಿಸುವವಳ ಹಾಗೆ. ರೆಪ್ಪೆ ಬಿದ್ದರೆ ಪ್ಯಾಸೇಜ್, ಬೂಟಿನ ಬಿಳಿ ಗುರುತು. ಲ್ಯಾಬಿನಲ್ಲಿ ಒಂದು ದಿನ ಎರಡು ರಕ್ತದ ಟ್ಯೂಬುಗಳ ಚೀಟಿ ಕಣ್ಣಿಗೆ ಒಂದೇ ಆಗಿ ಕಂಡಿತು. ಪಕ್ಕದವಳು ನೋಡಿ ಸರಿಪಡಿಸಿದಳು. ಅಂದೇ ಮೇಲಿನವರಿಗೆ ಹೇಳಿ ಕೆಲಸದ ದಿನ ಕಡಿಮೆ ಮಾಡಿಸಿಕೊಂಡೆ. ಹೀಗೇ ಮುಂದುವರಿದರೆ ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಊರಿಗೆ ಹೊರಡುವುದೆಂದು ಗಂಡನಿಗೂ ಹೇಳಿದ್ದೆ. ನಿದ್ದೆ ಮರಳಿದರೆ ಆ ಮನೆ, ಆ ಕೆಲಸ, ಆ ಸಂಸಾರ. ಮರಳದಿದ್ದರೆ ಯಾವುದೂ ಇಲ್ಲ. ಮಾತ್ರೆ ನುಂಗಲು ಹೆದರಿಕೆ. ನುಂಗಿ ಮಲಗಿದರೆ ಮಗು ಅತ್ತದ್ದು ಕೇಳಿಸದೆ ಹೋದರೆ?

ಸೆಪ್ಟೆಂಬರಿನ ಒಂದು ಸೋಮವಾರ ಬೆಳಗ್ಗೆ ಆಂಟಿ ಬೇಲಿಯಾಚೆಯಿಂದ ಕರೆದರು. "ಪುಟ್ಟೀನ ಎತ್ಕೊಂಡು ಬಾ. ಸೀಸನ್ ಶುರುವಾಗಿದೆ. ಒಬ್ಳೇ ಕೂಗಾಡೋಕೆ ಬೇಜಾರು."

ಅಮೆರಿಕದ ಭಾನುವಾರ ಸಂಜೆ ನಮಗೆ ಸೋಮವಾರ ಬೆಳಗ್ಗೆ. ನನಗೆ ಅಂದು ಕೆಲಸವಿರಲಿಲ್ಲ. ಹೋದೆ. ಆಂಟಿ ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿ, ಕರಿಬೇವು ಇಂಗಿನ ಒಗ್ಗರಣೆ ಹಾಕಿದ ಪಾಪ್‌ಕಾರ್ನ್ ಬಟ್ಟಲು ಮುಂದಿಟ್ಟುಕೊಂಡು ಕುಳಿತಿದ್ದರು. ಮಗಳಿಗೆ ಚಾಪೆ ಹಾಸಿ ಸುತ್ತ ದಿಂಬು ಜೋಡಿಸಿದ್ದರು. "ಇದು ಅವಳ ಡಿಫೆನ್ಸ್ ಲೈನು," ಎಂದರು.

ಆ ವರ್ಷ ಅವರ ತಂಡದ ರಾಜಕುಮಾರನಿಗೆ ವಯಸ್ಸಾಗಿತ್ತು. ಎಸೆದ ಚೆಂಡು ಎದುರಾಳಿಯ ಕೈಗೆ ಹೋಗುತ್ತಿತ್ತು. ಪತ್ರಿಕೆಯವರೆಲ್ಲ ತಂಡದ ಕಥೆ ಮುಗಿಯಿತು ಎಂದು ಬರೆದರಂತೆ. ಆಂಟಿ ಮಾತ್ರ ಖುಷಿಯಾಗಿದ್ದರು. "ಈಗ ನೋಡು ಆಟ. ಅವನ ಕೈಗೆ ಬೆಣ್ಣೆ ಹಚ್ಚಿದಾರೆ, ಸರಿ. ಪರವಾಗಿಲ್ಲ. ಎದುರಿನವರು ನಮ್ಮ ಕೊನೇ ಗೆರೆ ದಾಟಿದ್ರೆ ತಾನೆ ಸೋಲೋದು?"

ಹಾಗೆಯೇ ಆಯಿತು. ಒಂದೊಂದು ಸೋಮವಾರ ತಂಡ ಗೆದ್ದದ್ದು ಕೂದಲೆಳೆಯ ಅಂತರದಲ್ಲಿ. ಎದುರಾಳಿಗಳು ಮುಂದೆ ಬರುತ್ತಿದ್ದರು, ಗಜ ಗಜವಾಗಿ ನೆಲ ಬಿಟ್ಟುಕೊಟ್ಟು ಇವರು ಹಿಂದೆ ಸರಿಯುತ್ತಿದ್ದರು. ನಾನು ಮಗಳನ್ನು ತೊಡೆಗೆ ಎಳೆದುಕೊಳ್ಳುತ್ತಿದ್ದೆ. ಆಂಟಿ ಪಾಪ್‌ಕಾರ್ನ್ ಜಗಿಯುತ್ತಿದ್ದರು. "ಕೊಡ್ಲಿ ಬಿಡೇ. ಅಂಗಳ ಕೊಟ್ರೆ ಏನು ಹೋಯ್ತು? ಒಳಗೆ ಬಿಡಲ್ಲ." ಕೊನೆಯ ಗೆರೆಯ ಬಳಿ ನಾಲ್ಕು ಸಲ ನುಗ್ಗಿದ ದೈತ್ಯರನ್ನು ನಾಲ್ಕು ಸಲವೂ ಇವರು ತಡೆದಾಗ ಆಂಟಿ ಎದ್ದು ನಿಂತು ಶಿಳ್ಳೆ ಹಾಕಿದರು. ಮೈಸೂರಿನ ಅರವತ್ತೆಂಟರ ಹೆಂಗಸು ಎರಡು ಬೆರಳು ಬಾಯಿಗಿಟ್ಟು ಹಾಕಿದ ಶಿಳ್ಳೆಗೆ ಮಗಳು ಬೆಚ್ಚಿ, ಆಮೇಲೆ ಕೇಕೆ ಹಾಕಿ ನಕ್ಕಳು. ನಾನೂ ನಕ್ಕೆ. ಹಬ್ಬದ ದಿನದಿಂದ ಅದೇ ಮೊದಲು.

ಆ ಶುಕ್ರವಾರದ ಮಾತನ್ನು ನಾವು ಆಡುತ್ತಿರಲಿಲ್ಲ. ಆಡಬೇಕಾಗಿಯೂ ಇರಲಿಲ್ಲ; ಅದು ಪರದೆಯ ಮೇಲೆ ನಡೆಯುತ್ತಿತ್ತು. ಎಲ್ಲಿ ಯಾರು ನಿಂತಿದ್ದಾರೆ, ಯಾರು ಯಾರ ಕಣ್ಣು ಓದುತ್ತಿದ್ದಾರೆ ಎಂದು ನನಗೂ ಕಾಣತೊಡಗಿತು. ಎಲ್ಲರಿಗಿಂತ ಹಿಂದೆ, ತೀರ ದೂರದಲ್ಲಿ, ಒಬ್ಬ ನಿಲ್ಲುತ್ತಿದ್ದ. ಅವನ ಬೆನ್ನಿಗೆ ಖಾಲಿ ಮೈದಾನ. ನನ್ನ ಕಣ್ಣು ಅವನ ಮೇಲೆಯೇ ಇರುತ್ತಿತ್ತು.

"ಅವ್ನಿಗೆ ಭಯ ಆಗಲ್ವಾ ಆಂಟಿ? ಹಿಂದೆ ಯಾರೂ ಇಲ್ಲ."

"ಹಿಂದೆ ಯಾಕೆ ನೋಡ್ತೀಯ? ಮುಂದೆ ಹತ್ತು ಜನ ಇದಾರೆ."

"ಎದುರಿನವರು ಆ ಹತ್ತು ಜನರನ್ನೂ ತಪ್ಪಿಸಿಕೊಂಡು ಬಂದ್ರೆ?"

"ಒಂದೊಂದ್ಸಲ ಬರ್ತಾರೆ. ಆದ್ರೆ ಹತ್ತೂ ಜನರ ಕೆಲಸ ತಾನೇ ಮಾಡೋಕೆ ಹೋದ್ನೋ, ಆಗ ಖಂಡಿತ ಬರ್ತಾರೆ." ಬಟ್ಟಲಿನ ತಳದ ಕರಿಬೇವನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡರು. "ನೀನು ಹನ್ನೊಂದೂ ಜಾಗದಲ್ಲಿ ಒಬ್ಳೇ ನಿಂತಿದೀಯ ಕಣೇ. ಅದಕ್ಕೇ ನಿದ್ದೆ ಬರ್ತಿಲ್ಲ."

ಡಿಸೆಂಬರಿನಲ್ಲಿ ಒಂದು ಸೋಮವಾರ ಆ ಡಿಫೆನ್ಸ್ ಮುರಿದುಬಿತ್ತು. ಎದುರಾಳಿಗಳು ಎಲ್ಲ ಕಡೆಯಿಂದ ನುಗ್ಗಿದರು, ಕೊನೆಯವನೂ ಮಗುಚಿಬಿದ್ದ. ಆಟ ಮುಗಿಯುವ ಮೊದಲೇ ಆಂಟಿ ಟೀವಿ ಆರಿಸಿದರು. ಆಮೇಲೆ ತಮ್ಮ ಎರಡೂ ಕೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡುತ್ತ ಹೇಳಿದರು:

"ನಾನೂ ಮಲಗಿಲ್ಲ ಕಣೇ. ಬಾಗ್ಲು ತೆಗಿ ಅಂದಿದ್ದು ನಾನು. ಅದು ಒಂದು. ಇನ್ನೊಂದು... ದೇವಿ ಮೈಮೇಲಿಂದ ಬಿಚ್ಚಿದೆ. ಹಬ್ಬದ ದಿನ, ದೀಪ ಉರೀತಿರುವಾಗ. ಮುಟ್ಟಬಾರ್ದು ಅಂತ ಇಟ್ಕೊಂಡಿದ್ದ ಕೈ, ಮುಟ್ಟಿದ್ದು ಇದಕ್ಕಾ?"

ಅಷ್ಟು ದಿನ ನಾನು ಅವರನ್ನು ಬಂಡೆ ಎಂದುಕೊಂಡಿದ್ದೆ. ಆಗ ನನ್ನ ಬಾಯಿಗೆ ಬಂದದ್ದು ಸರಿಯಾಗಿಯೇ ಬಂತು ಎಂದು ಈಗಲೂ ನನ್ನ ನಂಬಿಕೆ.

"ಆಂಟಿ, ಮನೆ ಕಾಯ್ಲಿ ಅಂತ ತಾನೆ ಅವಳನ್ನ ಕೂರಿಸೋದು? ಒಡವೆ ಕೊಟ್ಟು ಮಗು ಕಾದ್ಲು. ಅದಕ್ಕೆ ನಿಮ್ಮ ಕೈ ಬಳಸ್ಕೊಂಡ್ಲು, ಅಷ್ಟೇ. ಮುಂದಿನ ವರ್ಷ ಕಳಶ ನೀವೇ ಇಡ್ಬೇಕು."

"ಸುಮ್ನಿರೇ."

"ಇಡ್ಬೇಕು ಅಂದ್ರೆ ಇಡ್ಬೇಕು."

ಮೂಗು ಒರೆಸಿಕೊಂಡು ಟೀವಿ ಮತ್ತೆ ಹಾಕಿದರು. ಆಟ ಮುಗಿದಿತ್ತು, ಸೋತಿದ್ದರು. "ಮುಂದಿನ ಸೋಮವಾರ ನೋಡೋಣ," ಎಂದರು.

ಮುಂದಿನ ವರ್ಷ ಅವರೇ ಕಳಶ ಇಟ್ಟರು. ಬಾಗಿಲೂ ತೆರೆದೇ ಇತ್ತು. ಅದರ ಪಕ್ಕದಲ್ಲಿ ಗಂಡ ಕುರ್ಚಿ ಹಾಕಿಕೊಂಡು ಕುಳಿತಿದ್ದ, ಬಂದವರಿಗೆಲ್ಲ ನಮಸ್ಕಾರ ಮಾಡುತ್ತ. ಆಮೇಲೆ ಕೆಲವು ಸೀಸನ್ನುಗಳು ಕಳೆದವು. ಆಂಟಿಯ ಮಂಡಿ ನಿಜವಾಗಿಯೂ ಕೈಕೊಟ್ಟಿತು, ಅವರ ಮಗಳು ಬಂದು ಪರ್ತ್‌ಗೆ ಕರೆದುಕೊಂಡು ಹೋದಳು. ನಾವು ಗಂಡನ ಹೊಸ ಕೆಲಸಕ್ಕೆಂದು ಅಡಿಲೇಡಿಗೆ ಬಂದೆವು. ಸೋಮವಾರಗಳಂದು ಫೋನು. ಪರ್ತ್‌ನ ಗಡಿಯಾರ ನಮಗಿಂತ ಹಿಂದೆ. "ಈಗ ನಾನು ನಿನಗಿಂತ ಚಿಕ್ಕವಳು ಕಣೇ," ಎಂದು ನಗುತ್ತಿದ್ದರು. ಹೋದ ವರ್ಷ, ಸೀಸನ್ ಇನ್ನೂ ಶುರುವಾಗುವ ಮೊದಲು, ಅವರ ಮಗಳ ಫೋನು ಬಂತು. ನಾನು ಪರ್ತ್‌ಗೆ ಹಾರಿದೆ. ಕೊನೆಯ ಸಲ ಮುಖ ನೋಡಲು ಸಿಕ್ಕಿತು. ನನ್ನ ಮಗಳಿಗೆ ಹೇಳಿದಾಗ ಅವಳು ಹೋಂವರ್ಕ್‌ನಿಂದ ತಲೆಯೆತ್ತಿ, "ವಿಚ್ ಆಂಟಿ, ಅಮ್ಮ?" ಎಂದಳು. ಅವಳ ಪಾಲಿಗೆ ಊರು ತುಂಬ ಆಂಟಿಯರು. ಅವಳ ಕೋಣೆಗೂ ಆ ಸ್ಕ್ರೂಡ್ರೈವರಿಗೂ ನಡುವೆ ಸೀರೆ ಹರಡಿ ಕುಳಿತವರು ಇವರು ಎಂದು ಅವಳಿಗೆ ಹೇಳುವ ಕಾಲ ಇನ್ನೂ ಬಂದಿಲ್ಲ...

ನನಗೆ ನಿದ್ದೆ ಹೋಗಿದ್ದ ಆ ಮೊದಲ ಸೀಸನ್ನಿನ ಕೊನೆ ಹೇಳುವುದು ಉಳಿದಿದೆ. ಅವರ ತಂಡ ಫೈನಲ್‌ಗೆ ಬಂದಿತ್ತು. ಫೆಬ್ರವರಿಯ ಸೋಮವಾರ ಬೆಳಗ್ಗೆ ಆಟ. ಭಾನುವಾರ ಸಂಜೆ ಆಂಟಿ ಬಂದು ನನ್ನ ಹಾಸಿಗೆಯ ದಿಂಬನ್ನೇ ಎತ್ತಿಕೊಂಡು ಹೊರಟರು.

"ಇವತ್ತು ನಮ್ಮನೇಲಿ ಮಲ್ಕೋ. ಪುಟ್ಟಿ ನನ್ನ ಕೋಣೇಲಿ, ನನ್ನ ಪಕ್ಕ. ಬಾಗ್ಲು ಹಾಕ್ಕೊಂಡು ಮಲಗ್ತೀನಿ. ನೀನು ಬೇರೆ ಕೋಣೆ."

"ಆಗಲ್ಲ ಆಂಟಿ. ಅವಳನ್ನ ನೋಡ್ದೆ..."

"ನೋಡ್ಬೇಡ. ಅವತ್ತೂ ನೋಡ್ಬೇಡ ಅಂದೆ, ನೀನು ನೋಡ್ಲಿಲ್ಲ. ಅದಕ್ಕೇ ಉಳೀತು ಮಗು. ನಾನೊಬ್ಳೇ ಅಲ್ಲ, ನೀನೂ ಕಾದೆ. ಗೊತ್ತಾಯ್ತಾ? ಈಗ ಹೋಗು."

ಆರು ತಿಂಗಳಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ನಾನೂ ಹೇಳಿಕೊಂಡಿರಲಿಲ್ಲ. ಒಲೆಯ ಮುಂದೆ ಸುಮ್ಮನೆ ನಿಂತಿದ್ದೆ ಎಂದೇ ನನ್ನ ಎಣಿಕೆ. ಅಂಕಲ್‌ನ ಪುಸ್ತಕಗಳಿದ್ದ ಆ ಚಿಕ್ಕ ಕೋಣೆಯಲ್ಲಿ ಮಲಗಿದೆ. ಗೋಡೆಯಾಚೆ ಆಂಟಿ ಮಗಳಿಗೆ ಏನೋ ಗುನುಗುತ್ತಿದ್ದರು. ಅದು ನಿಂತದ್ದು ನನಗೆ ಕೇಳಿಸಲಿಲ್ಲ.

ಎದ್ದಾಗ ಕಿಟಕಿಯ ಬಿಸಿಲು ಕಾಲಿನವರೆಗೆ ಬಂದಿತ್ತು. ಗಾಬರಿಯಾಗಿ ಹೊರಗೆ ಓಡಿದೆ. ಆಂಟಿ ಸೋಫಾದ ತುದಿಯಲ್ಲಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಟೀವಿ ನೋಡುತ್ತಿದ್ದರು. ಒಂದು ಚೂರೂ ಸದ್ದಿಲ್ಲ. ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರುತ್ತಿದ್ದವು, ದೈತ್ಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಇಡೀ ಫೈನಲನ್ನು ಆಂಟಿ ದನಿ ಆರಿಸಿ, ಶಿಳ್ಳೆ ನುಂಗಿಕೊಂಡು ನೋಡಿದ್ದರು.

"ಎಬ್ಬಿಸ್ಬಾರ್ದಿತ್ತಾ ಆಂಟಿ! ಗೆದ್ರಾ?"

"ಕಣ್ಣಲ್ಲಿ ಪಿಸುರಿದೆ, ಮುಖ ತೊಳ್ಕೊಂಡು ಬಾ ಮೊದ್ಲು," ಎಂದರು. ಅವರ ಮುಖ ತುಂಬ ನಗು.

ಕಾಫಿ ಕುಡಿಯುತ್ತ ಆಟವನ್ನೆಲ್ಲ ಹೇಳಿದರು. ಮೇಜಿನ ಮೇಲೆ ಬಿಸ್ಕತ್ತು ಜೋಡಿಸಿ, ಯಾರು ಎಲ್ಲಿ ನಿಂತರು, ಯಾರು ಎದುರು ತಂಡದ ರಾಜಕುಮಾರನ ಕೈಯಿಂದ ಚೆಂಡು ಕಿತ್ತರು, ಹಿಂದಿದ್ದವನು ಯಾವಾಗ ಮುಂದೆ ಬಂದ ಎಂದು ಒಂದೊಂದಾಗಿ. ಮಗಳು ನಡುನಡುವೆ ಆಟಗಾರರನ್ನು ತಿನ್ನುತ್ತಿದ್ದಳು. ಆ ಆಟದ ವಿಡಿಯೋ ಈಗ ಎಲ್ಲಿ ಬೇಕಾದರೂ ಸಿಗುತ್ತದೆ, ಫೋನಿನಲ್ಲೇ ನೋಡಬಹುದು. ನಾನು ಇಂದಿಗೂ ನೋಡಿಲ್ಲ. ನನಗೆ ಗೊತ್ತಿರುವುದು ಆಂಟಿ ಹೇಳಿದ ಆಟ. ಅದರಲ್ಲಿ ಅಲ್ಲಲ್ಲಿ ಮರೆತುಹೋಗಿದೆ, ಇನ್ನೊಮ್ಮೆ ಹೇಳಿ ಎಂದು ಕೇಳಲು ಪರ್ತ್‌ನಲ್ಲಿ ಈಗ ಅವರಿಲ್ಲ.